ತಾಡಪಾಲಿನ ಕೆಳಗೆ ಒಂಬತ್ತನೆಯವ

ಬಾವಿಯ ಹತ್ತಿರ ಬಂದಾಗ ಓಜೆಲ್ ನಿಂತುಬಿಟ್ಟ.

ರಾತ್ರಿ ಹನ್ನೊಂದು ದಾಟಿತ್ತು. ಮಳೆ ಸಣ್ಣಗೆ ಹಿಡಿದಿತ್ತು. ಮೈದಾನದಿಂದ ಮನೆ ಕಡೆ ನಾವಿಬ್ಬರೇ ನಡೆದು ಬರುತ್ತಿದ್ದೆವು. ಹಿಂದಿನ ಗೋಡೆಯ ಆಚೆ ಆ ಬಾವಿ. ಹಳೆಯ ಕಾಲದಲ್ಲಿ ಮೈದಾನಕ್ಕೆ ನೀರು ಬಿಡಲು ತೋಡಿದ್ದು. ಈಗ ಅದರ ಬಾಯಿಗೆ ಕಬ್ಬಿಣದ ಮುಚ್ಚಳ. ಮುಚ್ಚಳದ ಮೇಲೆ ಹನಿ ಬಿದ್ದು ಟಣ್… ಟಣ್… ಅನ್ನುತ್ತಿತ್ತು.

"ಭಾವ," ಅಂದ. ಪಿಸುಮಾತು. "ನೀನು ಗ್ಯಾಲರಿಯಲ್ಲಿ ಕೂತಿದ್ದೆಯಲ್ಲ. ಎಣಿಕೆ ಕೇಳಿಸ್ತಾ?"

"ಕೇಳಿಸ್ತು."

"ಎಷ್ಟು ದನಿ?"

ಬೆರಳು ಮಡಚಿ ಮತ್ತೊಮ್ಮೆ ಎಣಿಸಿದೆ.

"ಹದಿನಾಲ್ಕು," ಅಂದೆ.

"ನನ್ನನ್ನೂ ಸೇರಿಸಿ ನಾವಿರೋದು ಹದಿಮೂರು ಜನ," ಅಂದ ಓಜೆಲ್.

ಟಣ್… ಟಣ್…

ನಾನು ಓದಿದವನಲ್ಲ. ಐದನೇ ಕ್ಲಾಸಿಗೆ ಬಿಟ್ಟೆ. ನದಿಯ ದೋಣಿಗಳಿಗೆ ಮೂಟೆ ಹೊತ್ತು ಬದುಕಿದವನು. ಬರೆಯೋದು ನಿಧಾನ. ಆದರೆ ಇದು ನನ್ನ ಕಣ್ಣ ಮುಂದೆ ನಡೆದದ್ದು. ಯಾರೋ ಹೇಳಿದ್ದಲ್ಲ.

ಓಜೆಲ್ ನನ್ನ ಹೆಂಡತಿಯ ತಮ್ಮ. ನನ್ನ ಹೆಂಡತಿ ಅರ್ವೆಲ್ಲಾ. ಫೆಬ್ರವರಿಯಲ್ಲಿ ಹೋದಳು. ಇದು ನಡೆದದ್ದು ಏಪ್ರಿಲ್‌ನಲ್ಲಿ. ಅವಳ ಕೋಟು ಆಗಿನ್ನೂ ಬಾಗಿಲ ಹಿಂದೆ ತೂಗಾಡುತ್ತಿತ್ತು. ಈಗಲೂ ಅಲ್ಲೇ ಇದೆ.

ನಮ್ಮದು ಕಾಲಿನ್ಸ್ ಬಾಟಮ್. ಮೆಂಫಿಸ್‌ನಿಂದ ಎರಡು ಗಂಟೆ ದಾರಿ. ನದಿಗಿಂತ ತಗ್ಗಿನ ಜಾಗ, ಕರಿಯರ ಕೇರಿ. ಹಾರ್ಗ್ರೋವ್ ಮೈದಾನ ಇರೋದು ಅದರ ನಟ್ಟನಡುವೆ. ನಾವು ಹರೆಯದವರಾಗಿದ್ದಾಗ ಅಲ್ಲಿ ಬೇಸ್‌ಬಾಲ್ ನಡೀತಿತ್ತು. ದೊಡ್ಡ ಲೀಗ್ ಅಲ್ಲ, ಕೆಳಗಿನ ಲೀಗ್. ನಮಗೆ ಅದೇ ದೊಡ್ಡದು. ಆಮೇಲೆ ಟೀಮು ಊರು ಬಿಟ್ಟಿತು. ಗ್ಯಾಲರಿ ಕೆಡವಿದರು. ಮೈದಾನ ಲಾರಿ ನಿಲ್ಲಿಸೋ ಜಾಗ ಆಯಿತು. ಆಮೇಲೆ ಅದೂ ಇಲ್ಲ. ಬರೀ ಕಳೆ, ಒಡೆದ ಗಾಜು. ನಲವತ್ತಾರು ವರ್ಷ.

ಟೀಮು ವಾಪಸ್ ಬರುತ್ತೆ ಅಂತ ಸುದ್ದಿ ಆದಾಗ ಪಟ್ಟಣದವರು ಹೆದ್ದಾರಿ ಪಕ್ಕ ಜಾಗ ನೋಡಿದ್ದರು. ಬೇಡ, ಹಳೆಯ ಜಾಗದಲ್ಲೇ ಆಗಬೇಕು ಅಂತ ಹಟ ಹಿಡಿದವರು ನಾವೇ. ಚರ್ಚಿನಲ್ಲಿ ಸಹಿ ಹಾಕಿಸಿದೆವು. ಕೇರಿಯವರೆಲ್ಲ ಹಾಕಿದರು. ಅರ್ವೆಲ್ಲಾ ಒಬ್ಬಳು ಹಾಕಲಿಲ್ಲ.

"ಯಾಕೆ?" ಅಂದೆ.

"ನನಗೆ ಬೇಡ," ಅಂದಳು. ಪಾತ್ರೆ ತೊಳೆಯುತ್ತಿದ್ದಳು. ತಿರುಗಿ ನೋಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಓಜೆಲ್ ಬದುಕಿಡೀ ಶಾಲೆಗಳ ಹುಲ್ಲು ನೋಡಿಕೊಂಡವ. ಹಳೆಯ ಹಾರ್ಗ್ರೋವ್‌ನಲ್ಲಿ ಕೆಲಸ ಮಾಡಿದವರಲ್ಲಿ ಉಳಿದವ ಅವನೊಬ್ಬನೇ. ಟೀಮಿನವರು ಅವನನ್ನೇ ಕರೆದು ಮೈದಾನದ ಮೇಸ್ತ್ರಿ ಮಾಡಿದರು. ಪೇಪರಿನಲ್ಲಿ ಫೋಟೋ ಬಂತು. ಅರವತ್ತೇಳು ವರ್ಷದ ಮುದುಕ ಹೊಸ ಟೋಪಿ ಹಾಕಿಕೊಂಡು ಬಾಯಿ ಮುಚ್ಚಿ ನಿಂತಿದ್ದ.

ಮೈದಾನಕ್ಕೆ ಹೊಸ ಮಣ್ಣು ತುಂಬಿದರು. ಮಟ್ಟ ಮಾಡಿದರು. ಎರಡನೇ ಬೇಸಿನ ಎಡಕ್ಕೆ ಒಂದು ಕಡೆ ಮಾತ್ರ ನೆಲ ಕುಸಿಯಿತು. ಮತ್ತೆ ತುಂಬಿದರು. ಮತ್ತೆ ಕುಸಿಯಿತು. ಓಜೆಲ್ ಆ ಜಾಗದ ಮೇಲೆ ಕಾಲಿಡುತ್ತಿರಲಿಲ್ಲ. ಸುತ್ತಿ ಹೋಗುತ್ತಿದ್ದ.

ಈಗ ಎಣಿಕೆಯ ವಿಷಯ ಹೇಳಬೇಕು.

ಮಳೆ ಬಂದರೆ ನಡುವಿನ ಮಣ್ಣು ನೆನೆಯದ ಹಾಗೆ ತಾಡಪಾಲು ಎಳೀತಾರೆ. ದೊಡ್ಡದು. ಒಂದು ಬೀದಿಯ ಮನೆಗಳನ್ನೆಲ್ಲ ಮುಚ್ಚುವಷ್ಟು. ಹಿಂದೆ ಮೇಣ ಹಚ್ಚಿದ ದಪ್ಪ ಬಟ್ಟೆ. ನೆನೆದರೆ ಸತ್ತ ಎಮ್ಮೆಯ ಭಾರ. ಹದಿನಾಲ್ಕು ಜನ ಅಂಚು ಹಿಡಿದು ಓಡಬೇಕು. ಗಾಳಿ ಹೊಕ್ಕರೆ ಹಡಗಿನ ಹಾಯಿ ಹಾಗೆ ಎದ್ದು ಬಡಿಯುತ್ತೆ. ಎಡವಿದವನ ಮೇಲೆ ಮುಚ್ಚಿಕೊಳ್ಳುತ್ತೆ. ಅದಕ್ಕೇ ಎಣಿಕೆ. ಎಳೆದು ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ನಂಬರು ಕೂಗಬೇಕು. ಹದಿನಾಲ್ಕೂ ಬಂದರೆ ಸರಿ. ಬರದಿದ್ದರೆ ಎತ್ತಿ ನೋಡಬೇಕು.

ಓಜೆಲ್ ಹೊಸಬರಿಗೂ ಅದನ್ನೇ ಕಲಿಸಿದ. ಒಂಬತ್ತು ಮಾತ್ರ ಯಾರಿಗೂ ಕೊಡಲಿಲ್ಲ.

"ಅಜ್ಜಾ, ಎಂಟಾದ ಮೇಲೆ ಹತ್ತಾ?" ಅಂದ ಟಾವರಿಸ್. ಹಗಲು ಲಾರಿ ಓಡಿಸೋನು, ಬಾಯಿ ಜಾಸ್ತಿ. "ನಿಮ್ಮ ಕಾಲದಲ್ಲಿ ಸ್ಕೂಲಲ್ಲಿ ಹಿಂಗೇ ಹೇಳಿಕೊಡ್ತಿದ್ರಾ?"

"ಒಂಬತ್ತು ನಿನ್ನದಲ್ಲ. ಮುಚ್ಕೊಂಡು ಎಳಿ," ಅಂದ ಓಜೆಲ್. ಹತ್ತು ಅವನದು. ಹಿಂದೆಯೂ ಅವನದೇ.

ಮೊದಲ ಆಟದ ದಿನ ಕೇರಿಗೆ ಕೇರಿಯೇ ಬಂದಿತ್ತು. ಹುರಿದ ಮೀನು, ಬೇಯಿಸಿದ ಕಡಲೆಕಾಯಿ, ಚರ್ಚಿನ ವಾದ್ಯದವರು. ಅಳುವವರೂ ಇದ್ದರು. ಅರ್ವೆಲ್ಲಾಳಿಗೆ ಅಂತ ಪಕ್ಕದ ಕುರ್ಚಿ ನಾನು ಖಾಲಿ ಬಿಟ್ಟಿದ್ದೆ. ಐದನೇ ಇನ್ನಿಂಗ್ಸ್‌ನಲ್ಲಿ ನದಿ ಕಡೆಯಿಂದ ಗಾಳಿ ಎದ್ದಿತು. ಓಜೆಲ್ ಸೀಟಿ ಊದಿದ. ಹದಿಮೂರು ಜನ ಓಡಿದರು. ಹೊಸ ತಾಡಪಾಲು ಪ್ಲಾಸ್ಟಿಕ್ಕು. ಸರ್‍ರ್… ಅಂತ ಮಣ್ಣಿನ ಮೇಲೆ ಹರಿಯಿತು. ಮಳೆ ಅದರ ಮೇಲೆ ಮೀನು ಹುರಿದ ಹಾಗೆ ಚುರ್ ಅಂತು. ಜನ ಚಪ್ಪಾಳೆ ಹೊಡೆದರು.

"ಒಂದು!" "ಎರಡು!" "ಮೂರು!"

ಹಾಗೇ ಬಂತು. ಏಳು. ಎಂಟು.

"ಒಂಬತ್ತು."

ಸಣ್ಣ ದನಿ. ಮೂಗಿನಿಂದ ಬಂದದ್ದು. ಅದು ಅಂಚಿನಿಂದ ಬರಲಿಲ್ಲ. ನಡುವಿನಿಂದ ಬಂತು.

ಹತ್ತು ಬರೋದು ತಡ ಆಯಿತು. ಬಂತು ಆಮೇಲೆ.

ಮಳೆ ನಿಲ್ಲಲಿಲ್ಲ. ಉಳಿದ ಆಟ ನಾಳೆ ಮಧ್ಯಾಹ್ನ ಅಂತ ಕೂಗಿದರು. ನಾನು ಸಾಮಾನಿನ ಕೋಣೆಗೆ ಹೋದೆ, ಅವನನ್ನ ಕರೆದುಕೊಂಡು ಹೋಗೋಣ ಅಂತ. ಒಳಗೆ ಜಗಳ ನಡೀತಿತ್ತು.

"ಯಾವನಲೇ ಅವನು ಒಂಬತ್ತು ಅಂದದ್ದು?"

"ನಿಮ್ಮಪ್ಪ. ಟಿಕೆಟ್ ಸಿಗಲಿಲ್ಲ ಅಂತ ಒಳಗೆ ನುಗ್ಗಿದ್ದಾನೆ."

"ಟಾವರಿಸ್, ನೀನೇ ಕಣೋ."

"ನಮ್ಮವ್ವನಾಣೆ ನಾನಲ್ಲ. ನಾನು ಎಂಟು. ನನ್ನ ಬೆನ್ನ ಹಿಂದೆಯಿಂದ ಬಂತು ಅದು…"

ಓಜೆಲ್ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದ.

ಆಮೇಲೆ ನಾವು ಹೊರಟದ್ದು. ಬಾವಿಯ ಹತ್ತಿರ ಅವನು ನಿಂತದ್ದು.

"ಭಾವ, ನಿನಗೊಂದು ಹೇಳಬೇಕು."

"ನನಗೆ ಗೊತ್ತು," ಅಂದೆ.

ಅವನು ತಲೆ ಎತ್ತಿದ. "ಅಕ್ಕ ಹೇಳಿದ್ಲಾ?"

"ಕೊನೇ ವಾರ."

"ಬೈದ್ಲಾ ನನ್ನನ್ನ?"

"ಇಲ್ಲ. ಅತ್ತಳು."

ಅರ್ವೆಲ್ಲಾ ಹೇಳಿದ್ದು ಇಷ್ಟು. ಹಳೆಯ ತಂಡದಲ್ಲಿ ಒಂಬತ್ತನೆಯವ ಲೆಮ್ ಟಗಲ್. ಓಜೆಲ್‌ನ ಗೆಳೆಯ. ತಾಡಪಾಲು ಎಳೆಯೋ ಗಡಿಬಿಡಿಯಲ್ಲಿ ಲೆಮ್ ನುಣುಚಿಕೊಂಡು ಗ್ಯಾಲರಿಯ ಹಿಂದೆ ಒಂದು ಬಿಯರು ಕುಡಿಯೋಕೆ ಹೋಗುತ್ತಿದ್ದ. ಮೇಸ್ತ್ರಿಗೆ ಗೊತ್ತಾದರೆ ಕೆಲಸ ಹೋಗುತ್ತೆ. ಓಜೆಲ್‌ಗೆ ಎಲ್ಲರ ದನಿ ಅನುಕರಿಸೋ ಚಟ. ಲೆಮ್ ಇಲ್ಲದಾಗ ಅವನ ಮೂಗಿನ ದನಿಯಲ್ಲಿ "ಒಂಬತ್ತು" ಅಂದು, ಆಮೇಲೆ ತನ್ನ ದನಿಯಲ್ಲಿ "ಹತ್ತು" ಅನ್ನುತ್ತಿದ್ದ. ಓಜೆಲ್ ಇಲ್ಲದಾಗ ಲೆಮ್ ಕೂಡ ಹಾಗೇ. ತಂಡದಲ್ಲಿ ಎಲ್ಲರೂ ಮಾಡುತ್ತಿದ್ದ ಕೆಲಸ. ಸ್ನೇಹ ಅಂದರೆ ಅದೇ.

ಟೀಮು ಊರು ಬಿಡೋಕೆ ಮುಂಚೆ, ಒಂದು ಜೂನ್‌ನಲ್ಲಿ, ಶುಕ್ರವಾರ ರಾತ್ರಿ ದೊಡ್ಡ ಗಾಳಿ. ಎಳೆದಾಯಿತು. ಪಕ್ಕದಲ್ಲಿ ಲೆಮ್ ಇಲ್ಲ. ಬಿಯರಿಗೆ ಹೋದ ಅಂದುಕೊಂಡು ಓಜೆಲ್ ಅವನ ಪರವಾಗಿ ಒಂಬತ್ತು ಅಂದ. ಎಣಿಕೆ ಸರಿ ಹೋಯಿತು. ಎಲ್ಲರೂ ಮನೆಗೆ ಹೋಗಿ ಮಲಗಿದರು. ಶನಿವಾರ ಮಳೆ. ಭಾನುವಾರ ಮಳೆ. ಲೆಮ್‌ನ ಹೆಂಡತಿ ಬಂದು ಕೇಳಿದಳು. ಮೆಂಫಿಸ್‌ಗೆ ಹೋಗಿರಬೇಕು ಅಂತ ಓಜೆಲ್ ನಕ್ಕ. ಸೋಮವಾರ ತಾಡಪಾಲು ಎತ್ತಿದರು.

ಎರಡನೇ ಬೇಸಿನ ಎಡಕ್ಕೆ, ಆ ತಗ್ಗಿನಲ್ಲಿ, ಗೇಣು ಆಳದ ನೀರು. ಅದರಲ್ಲಿ ಲೆಮ್ ಬೋರಲು ಬಿದ್ದಿದ್ದ.

ಎಣಿಕೆಯಲ್ಲಿ ಅವನ ದನಿ ಕೇಳಿದ್ದೇವೆ ಅಂತ ಹನ್ನೆರಡು ಜನ ಆಣೆ ಮಾಡಿದರು. ರಾತ್ರಿ ಕುಡಿದು ವಾಪಸ್ ಬಂದು ನುಸುಳಿಕೊಂಡಿರಬೇಕು ಅಂತ ಪೊಲೀಸರು ಬರೆದುಕೊಂಡರು. ಓಜೆಲ್ ಬಾಯಿ ಬಿಡಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದ.

ಇಷ್ಟು ಹೇಳಿ ಅರ್ವೆಲ್ಲಾ ನನ್ನ ತೋಳು ಹಿಡಿದಿದ್ದಳು. ಕೈಯಲ್ಲಿ ಬಲವೇ ಇರಲಿಲ್ಲ. "ಮಳೆಯಲ್ಲಿ ಅಲ್ಲಿ ಮತ್ತೆ ಎಣಿಕೆ ಆದ್ರೆ… ಓಜೆಲ್ ಉತ್ತರ ಕೊಡೋಕೆ ಬಿಡಬೇಡ ಹೆರ್ಷೆಲ್. ಅವನ ಬಾಯಿ ಮುಚ್ಚು."

"ಯಾಕೆ?"

"ಮುಚ್ಚು ಅಷ್ಟೆ. ಮಾತು ಕೊಡು."

ಕೊಟ್ಟೆ.

ಬಾವಿಯ ಹತ್ತಿರ ಓಜೆಲ್ ಮೈದಾನದ ಕಡೆ ತಿರುಗಿದ್ದ.

"ನಡಿ, ಮನೆಗೆ," ಅಂದೆ.

"ಆವತ್ತು ಹೋದೆ ಭಾವ. ಹೋಗಿ ಚೆನ್ನಾಗಿ ಮಲಗಿದೆ."

"ತಾಡಪಾಲು ಎತ್ತಿದ್ರೆ ಮಣ್ಣು ಕೆಸರಾಗುತ್ತೆ. ನಾಳೆ ಆಟ ಇಲ್ಲ. ನಿನ್ನ ಕೆಲಸವೂ ಇಲ್ಲ."

"ಒಂದು ಅಂಚು ಎತ್ತಿ ಒಳಗೆ ನೋಡ್ತೀನಿ. ಯಾರೂ ಇಲ್ಲ ಅಂದ್ರೆ ಬರ್ತೀನಿ."

"ಲೇ, ನನ್ನ ಮಂಡಿ, ನಿನ್ನ ಸೊಂಟ. ನಾವಿಬ್ಬರು ಸೇರಿ ಹಾಸಿಗೆ ಚಾದರ ಎತ್ತಿದ್ರೆ ಹೆಚ್ಚು."

ಅವನು ನಗಲಿಲ್ಲ. ನಡೆದ. ನಾನೂ ಹೋದೆ. ಮಾತು ಕೊಟ್ಟಿದ್ದೆನಲ್ಲ.

ಹಿಂದಿನ ಗೇಟಿನ ಕೀಲಿ ಅವನ ಹತ್ತಿರ ಇತ್ತು. ಕಿರ್‍ರ್… ಅಂತ ತೆರೆಯಿತು. ದೀಪ ಎಲ್ಲ ಆರಿತ್ತು. ಗ್ಯಾಲರಿ ಕಪ್ಪು. ಮಳೆ ಜೋರಾಗಿತ್ತು. ದೂರದಲ್ಲಿ ಚುರ್ ಅನ್ನುತ್ತಿದ್ದ ಸದ್ದು, ನಾವು ಹತ್ತಿರ ಹೋದ ಹಾಗೆ ಬದಲಾಯಿತು. ದಬ… ದಬ… ದಬ… ಒದ್ದೆ ಬಟ್ಟೆಯ ಮೇಲೆ ಬೀಳೋ ಮಳೆ ಅದು. ಮೇಣದ ವಾಸನೆ ಬಂತು.

ನಾನು ಕೈಯಿಟ್ಟು ಮುಟ್ಟಿದೆ. ಪ್ಲಾಸ್ಟಿಕ್ಕೇ ಇತ್ತು. ಸದ್ದು ಮಾತ್ರ ಬಟ್ಟೆಯದು.

ಓಜೆಲ್ ಅಂಚಿನ ಮರಳು ಮೂಟೆ ಸರಿಸಿದ. "ನೀನು ಇಲ್ಲಿ ಹಿಡ್ಕೋ. ಬಿಡಬೇಡ."

"ಓಜೆಲ್… ಏನು ಕೇಳಿಸಿದ್ರೂ ಉತ್ತರ ಕೊಡಬೇಡ."

"ಈ ಸಲ ಕೊಡಲ್ಲ," ಅಂದ.

ಟಾರ್ಚು ಹಿಡಿದು ತೆವಳಿಕೊಂಡು ಒಳಗೆ ಹೋದ. ಪ್ಲಾಸ್ಟಿಕ್ಕಿನ ಕೆಳಗೆ ಬೆಳಕು ಸರಿಯುತ್ತಾ ಹೋಯಿತು. ತಗ್ಗಿನ ಹತ್ತಿರ ನಿಂತಿತು. ಆರಿತು.

"ಲೆಮ್?" ಒಳಗಿಂದ ಓಜೆಲ್‌ನ ದನಿ.

ಟಪ್.

ಕೆಳಗಿನಿಂದ ಯಾರೋ ಅಂಗೈಯಲ್ಲಿ ಬಡಿದ ಸದ್ದು. ಒಂದೇ ಸಲ.

"ಲೆಮ್… ಆವತ್ತು ಒಂಬತ್ತು ಅಂದದ್ದು ನಾನು ಕಣೋ."

ಮಳೆ. ಬರೀ ಮಳೆ.

ಆಮೇಲೆ ನನ್ನ ಎಡಗಡೆ, ಕತ್ತಲಲ್ಲಿ, ಯಾರೋ ಅಂದರು. "ಒಂದು."

ಸ್ವಲ್ಪ ಆಚೆ. "ಎರಡು."

ತಾಡಪಾಲಿನ ಸುತ್ತ ಒಂದೊಂದೇ ದನಿ ಬರತೊಡಗಿತು. ಮೂರು… ನಾಲ್ಕು… ಆರನೆಯ ದನಿ ನನಗೆ ಗೊತ್ತಿತ್ತು. ಹಳೆಯ ತಂಡದ ಹೂಬರ್ಟ್, ಆಮೇಲೆ ಕ್ಷೌರದಂಗಡಿ ಇಟ್ಟವ. ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಏಳು… ಎಂಟು…

ನಿಂತಿತು.

ಒಂಬತ್ತು ಬರಲಿಲ್ಲ. ಓಜೆಲ್ ಹೇಳಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಅವರ ಉಸಿರು ಕೇಳಿಸುತ್ತಿತ್ತು ನನಗೆ… ಯಾರಾದರೂ ಹೇಳಬೇಕಿತ್ತು. ಆವತ್ತು ಯಾರೂ ಹೇಳಿರಲಿಲ್ಲ. ನಾನೇ ಹೇಳಿದೆ.

"ಒಬ್ಬ ಕಮ್ಮಿ."

ನನ್ನ ಕೈಯ ಭಾರ ಇಳಿಯಿತು.

ಆ ಅಂಚಿಗೆ ಬೇರೆ ಕೈಗಳು ಬಿದ್ದ ಹಾಗೆ. ಸುತ್ತಲೂ ಚಪ್ ಚಪ್ ಚಪ್ ಅಂತ ಓಡೋ ಕಾಲು. ತಾಡಪಾಲು ಭಪ್ ಅಂತ ಎದ್ದಿತು. ನನ್ನ ಕೈಯಿಂದ ಜಾರಿ ಹೋಯಿತು. ಗಾಳಿ ಮುಖಕ್ಕೆ ಹೊಡೆಯಿತು. ಆಮೇಲೆ ಬರೀ ಮಣ್ಣಿನ ಮೇಲೆ ಮಳೆ ಬೀಳೋ ಸದ್ದು.

ಏನೂ ಕಾಣಿಸುತ್ತಿರಲಿಲ್ಲ. ಎಣಿಕೆ ಮತ್ತೆ ಶುರು ಆಯಿತು. ಈ ಸಲ ಬೇಗ ಬೇಗ. ಆರು, ಏಳು, ಎಂಟು.

"ಒಂಬತ್ತು."

ಮೂಗಿನ ದನಿ. ತಗ್ಗಿನಿಂದ ಬಂತು. ಲೆಮ್‌ನದೇ.

ಆಮೇಲೆ ಮತ್ತೆ ನಿಂತಿತು.

ಆಗ ನನಗೆ ಅರ್ಥ ಆಯಿತು. ಮುಂದಿನದು ಹತ್ತು. ಓಜೆಲ್‌ನ ನಂಬರು. ಉಳಿದವರೆಲ್ಲ ಹೋದವರು. ಅವನೊಬ್ಬ ಬಾಕಿ. ಅವನಿಗಾಗಿ ಕಾಯುತ್ತಿದ್ದಾರೆ. ಅರ್ವೆಲ್ಲಾ ಹೇಳಿದ್ದು ಇದನ್ನ.

ನನ್ನ ಬಲಕ್ಕೆ ಯಾರೋ ಬಂದು ನಿಂತರು. ಏದುಸಿರು. ಕೆಸರಿನ ವಾಸನೆ. ಓಜೆಲ್‌ನಷ್ಟೇ ಎತ್ತರ. ಉತ್ತರ ಕೊಡೋಕೆ ಅವನು ಉಸಿರು ಎಳೆದುಕೊಂಡ…

ನಾನು ಅವನ ತಲೆಯ ಹಿಂದೆ ಒಂದು ಕೈ ಹಾಕಿ, ಇನ್ನೊಂದು ಕೈಯಲ್ಲಿ ಬಾಯಿ ಒತ್ತಿ ಮುಚ್ಚಿದೆ. ತುಟಿ ಐಸಿನ ಹಾಗೆ ತಣ್ಣಗಿತ್ತು. ಅಂಗೈಯೊಳಗೆ ಅದು ಆಡುತ್ತಿತ್ತು. ಕಚ್ಚಿದ. ನಾನು ಬಿಡಲಿಲ್ಲ. ನದಿಯ ಮೂಟೆ ಹೊತ್ತ ಕೈ ಇದು. ಅರ್ವೆಲ್ಲಾ, ಬಿಡಲ್ಲ, ಬಿಡಲ್ಲ ಅಂತ ಮನಸ್ಸಿನಲ್ಲೇ ಹೇಳುತ್ತಿದ್ದೆ. ಕಿವಿಯಲ್ಲಿ ನನ್ನ ರಕ್ತದ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಎಷ್ಟು ಹೊತ್ತೋ. ಗೂಡ್ಸ್ ರೈಲು ನದಿ ಸೇತುವೆ ಮೇಲೆ ಕೂಗಿತು. ನನ್ನ ಕೈಯೊಳಗೆ ಏನೂ ಇರಲಿಲ್ಲ.

"ಭಾವ," ಅಂದ ಓಜೆಲ್. ನನ್ನ ಮುಂದೆ ಇದ್ದ. "ಮನೆಗೆ ಹೋಗೋಣ."

ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ಮನೆಗೆ ಬಂದು ಕೈಗೆ ಬಟ್ಟೆ ಸುತ್ತಿದೆ. ಅರ್ವೆಲ್ಲಾಳ ಫೋಟೋ ಮುಂದೆ ಕೂತು, ಮುಚ್ಚಿದೆ ಕಣೇ, ಅಂದೆ. ಅವಳು ಹೋದ ಮೇಲೆ ಅವತ್ತೇ ನಾನು ಬೆಳಗಿನವರೆಗೆ ಮಲಗಿದ್ದು.

ಬೆಳಿಗ್ಗೆ ಮೈದಾನ ಕೆಸರು ಗದ್ದೆ. ತಾಡಪಾಲು ಗೋಡೆ ಪಕ್ಕ ಇತ್ತು. ಉರುಳೆಗೆ ಸುತ್ತಿರಲಿಲ್ಲ. ಮಡಚಿತ್ತು. ಹಳೆಯ ಬಟ್ಟೆ ಮಡಚುತ್ತಿದ್ದ ಹಾಗೆ, ಅಂಚಿಗೆ ಅಂಚು ಕೂಡಿಸಿ. ಮ್ಯಾನೇಜರ್ ಕೂಗಾಡಿದ. ಆಟ ರದ್ದಾಯಿತು. ಓಜೆಲ್ ಕೀಲಿ ಮೇಜಿನ ಮೇಲಿಟ್ಟ.

"ಅಜ್ಜಾ, ಒಬ್ಬರೇ ಎತ್ತಿದ್ರಾ?" ಅಂದ ಟಾವರಿಸ್. ಮೆಲ್ಲಗೆ ಕೇಳಿದ. ತಮಾಷೆ ಇರಲಿಲ್ಲ.

"ಜನ ಇದ್ದರು," ಅಂದ ಓಜೆಲ್.

ಬುಧವಾರ ಸಂಜೆ ನನ್ನ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅವನ ಮುಖ ತಿಳಿಯಾಗಿತ್ತು. ಎಷ್ಟೋ ವರ್ಷದ ಮೇಲೆ ಹಾಗೆ ನೋಡಿದ್ದು.

"ಕೈಗೇನಾಯ್ತು ಭಾವ?"

"ನಾಟಕ ಆಡಬೇಡ. ನೀನು ಕಚ್ಚಿದ್ದು."

"ನಾನಾ?"

"ಹತ್ತು ಅನ್ನೋಕೆ ಹೊರಟೆಯಲ್ಲ. ನಾನು ಬಾಯಿ ಮುಚ್ಚಿದೆ."

ಅವನು ನನ್ನನ್ನೇ ನೋಡಿದ. ಕುರ್ಚಿ ಕಿರುಗುಟ್ಟಿತು.

"ನಾನು ತಗ್ಗಿನಲ್ಲಿ ಲೆಮ್ ಪಕ್ಕ ಮಂಡಿಯೂರಿ ಕೂತಿದ್ದೆ. ನೀನು ಅಂಚಿನಲ್ಲಿದ್ದೆ. ನಡುವೆ ಮೂವತ್ತು ಹೆಜ್ಜೆ."

"ಹಾಗಾದ್ರೆ… ಹತ್ತು?"

"ಹೇಳಿದೆ," ಅಂದ. "ಎಲ್ಲರೂ ಕಾಯ್ತಿದ್ರು. ಲೆಮ್‌ದು ಹೇಳಬಾರದಿತ್ತು, ನನ್ನದು ನಾನೇ ಹೇಳಬೇಕಲ್ಲ. ಹದಿನಾಲ್ಕರವರೆಗೂ ಹೋಯ್ತು. ನಿನಗೆ ಕೇಳಿಸಲಿಲ್ವಾ?"

ನನಗೆ ಕೇಳಿಸಿರಲಿಲ್ಲ.

ಶನಿವಾರ ಮಳೆ ಬಂತು. ಭಾನುವಾರ ಬೆಳಿಗ್ಗೆ ಚರ್ಚಿಗೆ ಕರೆಯೋಕೆ ಹೋದೆ. ಓಜೆಲ್ ಕುರ್ಚಿಯಲ್ಲಿ ಕೂತಿದ್ದ. ಬೂಟು ಹಾಕಿ, ದಾರ ಕಟ್ಟಿದ್ದ. ಹೃದಯ ನಿಂತಿದೆ ಅಂದರು ಡಾಕ್ಟರು.

ಅಕ್ಕನ ಪಕ್ಕದಲ್ಲೇ ಹೂತೆವು. ಮಾತು ಉಳಿಸಿಕೊಳ್ಳಲಿಲ್ಲ ಅಂತ ಅವಳಿಗೆ ಇನ್ನೂ ಹೇಳಿಲ್ಲ.

ನಂಬದವರು ಬರಲಿ, ಅಂಗೈ ತೋರಿಸುತ್ತೇನೆ. ಗುರುತು ಮಾಸಿಲ್ಲ. ಮೇಲೆ ಆರು, ಕೆಳಗೆ ಆರು. ಸಾಲಾಗಿ, ಸಣ್ಣ ವಯಸ್ಸಿನ ಹಲ್ಲು. ಓಜೆಲ್‌ನ ಮೇಲಿನ ಹಲ್ಲೆಲ್ಲ ಬಿದ್ದು ಎಂಟು ವರ್ಷ ಆಗಿತ್ತು.